ಅರಮನೆಯ ಚಿತ್ರಗಳೂ ಊರ ಗೋಡೆಗಳೂ

ಅರಸರ ಚಿತ್ರಗಳನ್ನು ಬರಿಯ ವಿಲಾಸದ ವಸ್ತುಗಳೆಂದು ಎಣಿಸುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಈ ಎಣಿಕೆಯು ಸರಿಯಾದುದಲ್ಲ. ಅರಮನೆಯ ಗೋಡೆಯ ಚಿತ್ರವು ಶಾಸನವಿದ್ದಂತೆ. ತನ್ನನ್ನೂ ತನ್ನ ನೆರೆಯವರನ್ನೂ ಲೋಕವು ಹೇಗೆ ಕಾಣಬೇಕೆಂದು ಅರಸನು ಬಯಸಿದನೋ ಅದನ್ನು ಅದು ಸಾರುತ್ತದೆ.

1784ರಲ್ಲಿ ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದಲ್ಲಿ ಕಟ್ಟಿಸಿದ ದರಿಯಾ ದೌಲತ್ತನ್ನೇ ತೆಗೆದುಕೊಳ್ಳೋಣ. ಅದರ ಪಡುಗೋಡೆಯಲ್ಲಿ 1780ರ ಪೊಳ್ಳಿಲೂರು ಕಾಳಗವಿದೆ. ಸೋತ ಕರ್ನಲ್ ಬೇಲಿಯು ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಮೂಡುಗೋಡೆಯಲ್ಲಿ ತಂಜಾವೂರು, ಕಾಶಿ ಮೊದಲಾದ ಸಂಸ್ಥಾನಗಳ ದರ್ಬಾರುಗಳಿವೆ. ಅವುಗಳ ನಡುವೆ ಚಿತ್ರದುರ್ಗದ ಮದಕರಿ ನಾಯಕನೂ ಇದ್ದಾನೆ. ಅವನ ದುರ್ಗವು 1779ರಲ್ಲಿಯೇ ಹೈದರನ ಕೈಸೇರಿತ್ತು. ರಾಜ್ಯ ಕಳೆದುಕೊಂಡವನ ಓಲಗವು ಗೆದ್ದವರ ಗೋಡೆಯ ಅಲಂಕಾರವಾಯಿತು.

ಈ ಕಾಳಗದ ಚಿತ್ರವು 1799ರ ಮುತ್ತಿಗೆಗೆ ಮುಂಚೆಯೇ ಕೆಟ್ಟಿತ್ತು. ವೆಲ್ಲೆಸ್ಲಿಯು ಅದನ್ನು ಸರಿಪಡಿಸಿದನು. ಅದು ಮತ್ತೆ ಮಾಸಿತು. 1850ರ ದಶಕದಲ್ಲಿ ಡಾಲ್‌ಹೌಸಿಯ ಅಪ್ಪಣೆಯಂತೆ, ಮೂಲವನ್ನು ನೆನಪಿಟ್ಟಿದ್ದ ದೇಶೀಯ ಚಿತ್ರಗಾರನೊಬ್ಬನು ಅದನ್ನು ಪುನಃ ಬರೆದನು. ಬಲ್ಲವನೊಬ್ಬನು ಬದುಕಿದ್ದುದರಿಂದ ಚಿತ್ರವು ಉಳಿಯಿತೆಂಬುದನ್ನು ವಾಚಕರು ಗಮನಿಸಬೇಕು.

ಇನ್ನು ನಮ್ಮ ಕರಾವಳಿಯ ಮಾತು. ಹಣಕೋಣದಿಂದ ಕಾಳೀ ನದಿಯ ಗುಂಟ ಪಡುವಕ್ಕೆ ಬಂದರೆ ಸೋದೆಯ ಅರಸರು ಕಟ್ಟಿಸಿದ ಸದಾಶಿವಗಡವು ಸಿಗುತ್ತದೆ. 1763ರಲ್ಲಿ ಹೈದರನ ಸೈನ್ಯವು ಸೋದೆಯನ್ನು ಹಿಡಿಯಲು ಆ ಅರಸನು ಗೋವೆಯಲ್ಲಿ ಆಶ್ರಯ ಪಡೆದನು. ಗೆದ್ದವರ ಅರಮನೆಯು ಬಣ್ಣಗಳೊಡನೆ ನಿಂತಿದೆ, ಸೋತವರದು ಹಾಳುಬಿದ್ದಿದೆ. ಈ ಸೀಮೆಯ ಚಿತ್ರಕಲೆಯನ್ನು ನಾವು ದೇವಾಲಯಗಳಲ್ಲಿಯೇ ಅರಸಬೇಕು.

ಅಲ್ಲಿರುವುದು ಕಾವಿ ಕಲೆ. ಗೋಡೆಯ ಬಿಳಿಯ ಗಾರೆಯ ಮೇಲೆ ಕಾವಿಮಣ್ಣಿನ ಕೆಂಪು ಲೇಪವನ್ನು ಕೊಟ್ಟು, ಅದನ್ನು ಕೆರೆದು ಒಳಗಿನ ಬಿಳುಪಿನಲ್ಲಿ ರೂಪಗಳನ್ನು ತೆಗೆಯುವುದು ಇದರ ಕ್ರಮ. ಶಿರಸಿಯ ಮಾರಿಕಾಂಬಾ ದೇವಾಲಯದ ಕಾವಿ ಚಿತ್ರಗಳು ಪ್ರಸಿದ್ಧವಾಗಿವೆ. ಈ ಕೆಲಸವನ್ನು ಬಲ್ಲ ಕೈಗಳು ಇಂದು ಅತಿ ವಿರಳ. ಇತ್ತ ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಗೋಡೆಗಳನ್ನು ಕೆಡವುವುದೂ, ಎಣ್ಣೆಬಣ್ಣ ಬಳಿಯುವುದೂ, ನುಣುಪು ಬಿಲ್ಲೆ ಹಚ್ಚುವುದೂ ನಡೆದೇ ಇದೆ.

ದರಿಯಾ ದೌಲತ್ತಿಗೆ ಕೇಂದ್ರ ಸರಕಾರದ ಪುರಾತತ್ತ್ವ ಇಲಾಖೆಯ ರಕ್ಷಣೆಯಿದೆ. ಊರ ದೇವಾಲಯದ ಗೋಡೆಗೆ ಮೊಕ್ತೇಸರರ ವಿವೇಕವೇ ರಕ್ಷಣೆ. ಭಕ್ತರ ಶ್ರದ್ಧೆಯನ್ನು ನಾವು ಹಳಿಯುವವರಲ್ಲ. ದೇವರಿಗೆ ಒಳ್ಳೆಯ ಮನೆಯಾಗಲೆಂಬ ಆಸೆಯು ಸಹಜವಾದುದೇ. ಆದರೆ ಕೆಡವುವ ಮೊದಲು ಪ್ರತಿಯೊಂದು ಗೋಡೆಯ ಛಾಯಾಚಿತ್ರವನ್ನೂ ಅಳತೆಯನ್ನೂ ತೆಗೆದಿಡಬೇಕು. ಕಾರವಾರ, ಅಂಕೋಲೆ ತಾಲೂಕುಗಳ ಕಾವಿ ಚಿತ್ರಗಳ ಪಟ್ಟಿಯನ್ನು ಅಧಿಕಾರಿಗಳು ಸಿದ್ಧಪಡಿಸಬೇಕು. ಉಳಿದ ಕುಶಲಿಗಳ ಕೈಕೆಳಗೆ ನಾಲ್ಕು ಜನ ತರುಣರನ್ನಾದರೂ ಕಲಿಯಲು ಇಡಬೇಕು. ಇವು ದೊಡ್ಡ ವೆಚ್ಚದ ಕೆಲಸಗಳಲ್ಲ. ಶ್ರೀರಂಗಪಟ್ಟಣಕ್ಕೆ ನೆನಪುಳ್ಳ ಒಬ್ಬ ಚಿತ್ರಗಾರನು ದೊರೆತನು. ನಮಗೂ ದೊರೆಯುವನೆಂದು ನಂಬಿ ಕೈಕಟ್ಟಿ ಕುಳಿತುಕೊಳ್ಳುವುದು ತರವಲ್ಲ.