ರಾಜಧನ ಯಾರ ಧನ?

ತುಮಕೂರಿನ ಬಳಿಯ ದೇವರಾಯನದುರ್ಗಕ್ಕೆ ಆ ಹೆಸರು ಬಂದದ್ದು ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಅದನ್ನು ಗೆದ್ದ ಮೈಸೂರಿನ ಚಿಕ್ಕದೇವರಾಜ ಒಡೆಯರಿಂದ. ‘ನವಕೋಟಿನಾರಾಯಣ’ ಎಂಬುದು ಆ ದೊರೆಗೆ ಸಂದ ಬಿರುದು. ಬೊಕ್ಕಸ ತುಂಬುವುದರಲ್ಲಿ ಅವರಿಗಿದ್ದ ನಿಷ್ಠೆ ಜನರ ಬಾಯಲ್ಲಿ ಕಥೆಯಾಗಿ ಉಳಿದಿದೆ. ಆಡಳಿತವನ್ನು ಹದಿನೆಂಟು ಕಚೇರಿಗಳಾಗಿ ವಿಂಗಡಿಸಿದರೆಂಬುದನ್ನು ಚರಿತ್ರೆ ಹೇಳುತ್ತದೆ. ಆದರೆ ಆ ಲೆಕ್ಕವನ್ನು ತೋರಿಸೆಂದು ಪ್ರಜೆ ಕೇಳುವಂತಿರಲಿಲ್ಲ. ಕೊಡುವುದು ಪ್ರಜೆಯ ಪಾಲು, ಎಣಿಸುವುದು ಅರಸನ ಪಾಲು.

ಅರಸರ ಕಾಲ ಮುಗಿಯಿತು. ಒಂದು ಶಬ್ದ ಮಾತ್ರ ಉಳಿದುಕೊಂಡಿತು. ಭೂಮಿಯಿಂದ ಅದಿರನ್ನು ತೆಗೆದವನು ಸರ್ಕಾರಕ್ಕೆ ತೆರುವ ಹಣವನ್ನು ನಾವು ಇಂದಿಗೂ ‘ರಾಜಧನ’ವೆಂದೇ ಕರೆಯುತ್ತೇವೆ. ರಾಜನಿಲ್ಲದ ನಾಡಿನಲ್ಲಿ ಈ ಧನ ಯಾರದು? ಇದು ಬರಿಯ ಶಬ್ದಜಿಜ್ಞಾಸೆಯಲ್ಲ. 2024ರ ಜುಲೈ 25ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠ, ಎಂಟಕ್ಕೆ ಒಂದರ ಬಹುಮತದಿಂದ, ರಾಜಧನವು ತೆರಿಗೆಯಲ್ಲವೆಂದು ತೀರ್ಪಿತ್ತಿತು. ಖನಿಜವನ್ನು ತೆಗೆದುಕೊಳ್ಳುವ ಹಕ್ಕಿಗಾಗಿ ಗುತ್ತಿಗೆದಾರನು ಗುತ್ತಿಗೆ ಕೊಟ್ಟವನಿಗೆ ಸಲ್ಲಿಸುವ ಪ್ರತಿಫಲವದು. ತೆರಿಗೆಯ ಹಿಂದೆ ಇರುವುದು ಅಧಿಕಾರ. ಬೆಲೆಯ ಹಿಂದೆ ಇರುವವನು ಒಡೆಯ. ಪ್ರಜಾರಾಜ್ಯದಲ್ಲಿ ಆ ಒಡೆಯ ಪ್ರಜೆಯಲ್ಲದೆ ಮತ್ತಾರು? ಸರ್ಕಾರವು ಅವನ ಪರವಾಗಿ ಮಾರುವ ಪಾರುಪತ್ಯಗಾರ. ಪಾರುಪತ್ಯಗಾರನಿಗೆ ಸಂಬಳವುಂಟು, ಗೌರವವುಂಟು. ಅವುಗಳ ಜೊತೆಗೆ ಲೆಕ್ಕ ಒಪ್ಪಿಸುವ ಹೊಣೆಯೂ ಉಂಟು. ನಾನು ಹೇಳಬೇಕೆಂದಿರುವುದು ಇಷ್ಟೇ: ಗಣಿಯ ಲೆಕ್ಕವನ್ನು ಕೇಳುವುದು ಯಾರ ಮೇಲೂ ಹೊರಿಸುವ ಆರೋಪವಲ್ಲ, ಅದು ಒಡೆತನದ ಸಹಜವಾದ ಲಕ್ಷಣ.

ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಜಯಮಂಗಲಿ, ಶಿಂಷಾ ನದಿಗಳು ಬೇಸಗೆಯಲ್ಲಿ ಬತ್ತಿದರೂ ಮಳೆ ಬಿದ್ದರೆ ಮತ್ತೆ ಹರಿದಾವು. ಅದೇ ಜಿಲ್ಲೆಯಲ್ಲಿ, ದುರ್ಗದಿಂದ ಪಶ್ಚಿಮಕ್ಕಿರುವ ಗುಬ್ಬಿ, ಚಿಕ್ಕನಾಯಕನಹಳ್ಳಿ, ತಿಪಟೂರು ಸೀಮೆಯ ಗುಡ್ಡಗಳಲ್ಲಿರುವ ಕಬ್ಬಿಣ ಮ್ಯಾಂಗನೀಸುಗಳ ಅದಿರು ಹಾಗಲ್ಲ. ಒಮ್ಮೆ ಹೋದದ್ದು ಹೋಯಿತು. ಹೊಲದ ಬೆಳೆಯನ್ನು ಮಾರುವುದಕ್ಕೂ ಹೊಲವನ್ನೇ ಮಾರುವುದಕ್ಕೂ ಇರುವ ಅಂತರ ಒಕ್ಕಲಿಗನಿಗೆ ತಿಳಿದಿದೆ. ಗಣಿಯ ಹಣವು ಎರಡನೆಯ ಬಗೆಯದು. ಆದಕಾರಣ ಅದರ ಲೆಕ್ಕವೂ ಹೆಚ್ಚು ಬಿಗಿಯಾಗಿರಬೇಕು.

ನಮ್ಮಲ್ಲಿ ಅದು ಹೇಗಿತ್ತು? 2009ರ ಆಗಸ್ಟಿನವರೆಗೆ ಅತ್ಯುತ್ತಮ ದರ್ಜೆಯ ಕಬ್ಬಿಣದ ಅದಿರಿಗೂ ಟನ್ನಿಗೆ 27 ರೂಪಾಯಿ ರಾಜಧನ. ಪೇಟೆಯಲ್ಲಿ ಅದೇ ಟನ್ನಿಗೆ ಸಾವಿರಾರು ರೂಪಾಯಿ. ಈ ಅಲ್ಪವೂ ಪೂರ್ತಿಯಾಗಿ ಬರಲಿಲ್ಲ. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2008ರಲ್ಲಿ ಒಂದು, 2011ರಲ್ಲಿ ಇನ್ನೊಂದು ವರದಿಯನ್ನು ಕೊಟ್ಟರು. 2006ರಿಂದ 2010ರವರೆಗೆ ಸುಮಾರು 2.98 ಕೋಟಿ ಟನ್ ಅದಿರು ಅಕ್ರಮವಾಗಿ ಹೊರದೇಶಕ್ಕೆ ಹೋಯಿತೆಂದೂ, ಬೊಕ್ಕಸಕ್ಕಾದ ನಷ್ಟ 16,085 ಕೋಟಿ ರೂಪಾಯಿಯೆಂದೂ ಎರಡನೆಯ ವರದಿ ಎಣಿಸಿತು. ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 2009ರಲ್ಲೇ ಸರ್ವೋಚ್ಚ ನ್ಯಾಯಾಲಯದ ಬಾಗಿಲನ್ನು ತಟ್ಟಿತ್ತು. ನ್ಯಾಯಾಲಯವು 2011ರ ಜುಲೈ 29ರಂದು ಬಳ್ಳಾರಿಯಲ್ಲಿಯೂ, ಆಗಸ್ಟ್ 26ರಂದು ತುಮಕೂರು ಚಿತ್ರದುರ್ಗಗಳಲ್ಲಿಯೂ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನಿಂದ ಅತ್ಯಂತ ದೋಷಯುಕ್ತವೆನಿಸಿದ ಗುತ್ತಿಗೆಗಳು ರದ್ದಾದವು.

ಈ ಪ್ರಕರಣದಲ್ಲಿ ನನ್ನ ಮನಸ್ಸನ್ನು ಹಿಡಿಯುವುದು ಅಪರಾಧದ ಗಾತ್ರಕ್ಕಿಂತ ಹೆಚ್ಚಾಗಿ ಅದು ಬಯಲಾದ ಬಗೆ. ಗುಡ್ಡದಲ್ಲಿ ಹುಡುಕಿದ್ದರಿಂದಷ್ಟೇ ಆದ ಕೆಲಸವಲ್ಲ ಅದು. ಪರವಾನಗಿಯ ಕಾಗದ, ತೂಕದ ಚೀಟಿ, ಬಂದರಿನ ದಾಖಲೆ ಇವುಗಳನ್ನು ಯಾರೋ ಕೆಲವರು ತಾಳ್ಮೆಯಿಂದ ಅಕ್ಕಪಕ್ಕದಲ್ಲಿಟ್ಟು ನೋಡಿದರು. ಬಿಡಿಬಿಡಿಯಾಗಿ ಸಾಧುವಾಗಿ ಕಾಣುವ ಕಡತಗಳು ಒಂದೆಡೆ ಸೇರಿದಾಗ ನಿಜ ನುಡಿದುವು.

ಲೋಕದ ಬೇರೆಡೆಗಳಲ್ಲಿ ಈ ಉಪಾಯವನ್ನೇ ನಿಯಮವಾಗಿ ಮಾಡಹೊರಟಿದ್ದಾರೆ. ‘ಕೊಟ್ಟದ್ದನ್ನು ಪ್ರಕಟಿಸಿ’ ಎಂಬ ಅರ್ಥದ ಹೆಸರನ್ನಿಟ್ಟುಕೊಂಡು 2002ರಲ್ಲಿ ಹುಟ್ಟಿದ ನಾಗರಿಕರ ಒಕ್ಕೂಟವೊಂದು ತೈಲ, ಅನಿಲ, ಗಣಿ ಕಂಪನಿಗಳನ್ನು ಕೇಳಿದ್ದು ಬಲು ಸರಳವಾದ ಮಾತು: ಯಾವ ಸರ್ಕಾರಕ್ಕೆ ಎಷ್ಟು ಕೊಟ್ಟಿರಿ, ಹೇಳಿ. ಅದೇ ವರ್ಷ ಮೊಳೆತ, ಇ.ಐ.ಟಿ.ಐ. ಎಂಬ ಚಿಕ್ಕ ಹೆಸರಿನ ಅಂತಾರಾಷ್ಟ್ರೀಯ ವ್ಯವಸ್ಥೆಯಲ್ಲಿ ಇಂದು ಐವತ್ತಕ್ಕೂ ಹೆಚ್ಚು ದೇಶಗಳಿವೆ. ಕಂಪನಿ ತಾನು ಕೊಟ್ಟದ್ದನ್ನು ಹೇಳಬೇಕು. ಸರ್ಕಾರ ತನಗೆ ಬಂದದ್ದನ್ನು ಹೇಳಬೇಕು. ಎರಡಕ್ಕೂ ತಾಳೆ ಇದೆಯೇ ಎಂಬುದನ್ನು ಸಾರ್ವಜನಿಕರು ಕಾಣುವಂತಿರಬೇಕು. ಭಾರತವು ಇದರ ಸದಸ್ಯನಲ್ಲ.

ಹಳೆಯ ಕಥೆ ಮುಗಿಯಿತಲ್ಲ, ಈಗೇಕೆ ಈ ಮಾತು ಎನ್ನುವವರುಂಟು. ಕಥೆ ಮುಗಿದಿಲ್ಲ. 2022ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದಿರಿನ ರಫ್ತಿನ ಮೇಲಿದ್ದ ನಿರ್ಬಂಧವನ್ನು ತೆಗೆಯಿತು. ಚಿತ್ರದುರ್ಗ ತುಮಕೂರುಗಳೆರಡರಿಂದ ವರ್ಷಕ್ಕೆ ತೆಗೆಯಬಹುದಾದ ಅದಿರಿನ ಮಿತಿಯನ್ನು 70 ಲಕ್ಷ ಟನ್ನಿನಿಂದ 150 ಲಕ್ಷ ಟನ್ನಿಗೆ ಏರಿಸಿತು. 2015ರ ಕಾನೂನಿನಂತೆ ಗಣಿಯುಳ್ಳ ಜಿಲ್ಲೆಗಳಲ್ಲಿ ಖನಿಜ ಪ್ರತಿಷ್ಠಾನಗಳಿವೆ. ಹಳೆಯ ಗುತ್ತಿಗೆಯವರು ರಾಜಧನದ ಶೇಕಡ 30ರಷ್ಟನ್ನೂ, ಹರಾಜಿನಲ್ಲಿ ಪಡೆದವರು ಶೇಕಡ 10ರಷ್ಟನ್ನೂ ರಾಜಧನಕ್ಕೆ ಹೆಚ್ಚುವರಿಯಾಗಿ ಅಲ್ಲಿಗೆ ಸಲ್ಲಿಸಬೇಕು. ಅದು ಗಣಿಯ ಧೂಳನ್ನು ಉಣ್ಣುವ ಊರುಗಳ ಹಿತಕ್ಕೆಂದೇ ಮೀಸಲಾದ ಹಣ.

ಇದರ ಲೆಕ್ಕವನ್ನು ಜಾಲತಾಣದಲ್ಲಿ ಪ್ರಕಟಿಸಬೇಕೆಂಬ ನಿಯಮವಿದೆ, ಒಳ್ಳೆಯದೇ. ಆದರೆ ಪ್ರಕಟಿಸುವುದು ಬೇರೆ, ಒಪ್ಪಿಸುವುದು ಬೇರೆ. ಮುಜರಾಯಿ ದೇವಾಲಯದ ಹುಂಡಿಯನ್ನು ಹತ್ತು ಜನರ ಕಣ್ಣೆದುರಿನಲ್ಲಿ ತೆರೆದು ಎಣಿಸುತ್ತಾರೆ. ಭಕ್ತನ ಒಂದು ರೂಪಾಯಿಗೆ ಸಲ್ಲುವ ಮರ್ಯಾದೆ ಒಂದು ಗುಡ್ಡದ ಬೆಲೆಗೆ ಸಲ್ಲಬಾರದೆ? ಹಳ್ಳಿಯವರಿಗೆ ಇಂಥ ಲೆಕ್ಕ ತಿಳಿಯದೆಂಬ ಮಾತನ್ನು ನಾನು ಒಪ್ಪಲಾರೆ. ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ಒಯ್ಯುವ ರೈತ ಕ್ವಿಂಟಲಿನ ಧಾರಣೆಯನ್ನೂ ತೂಕದ ಮೋಸವನ್ನೂ ಚೆನ್ನಾಗಿ ಬಲ್ಲ. ಟನ್ನೆಷ್ಟು, ದರವೆಷ್ಟು, ಬಂದದ್ದೆಷ್ಟು, ಊರಿಗೆ ಆದದ್ದೇನು ಎಂಬ ನಾಲ್ಕು ಪ್ರಶ್ನೆಗಳಿಗೆ ತಿಳಿಗನ್ನಡದ ನಾಲ್ಕು ಸಾಲಿನ ಉತ್ತರವನ್ನು ಪಂಚಾಯತಿಯ ಗೋಡೆಯ ಮೇಲೆ ಬರೆಯಿಸಿ, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿದರೆ ಸಾಕು. ಪ್ರಾಮಾಣಿಕನಾದ ಗಣಿ ಮಾಲೀಕನಿಗೂ ಇದರಿಂದ ನಷ್ಟವಿಲ್ಲ. ಕಳ್ಳನೊಡನೆ ಅವನನ್ನೂ ಸೇರಿಸಿ ಬಯ್ಯುವುದು ತಪ್ಪೀತು.

ಹೋದ ಅದಿರನ್ನು ನ್ಯಾಯಾಲಯವೂ ಮರಳಿ ಗುಡ್ಡಕ್ಕೆ ತುಂಬಲಾರದು. ಲೆಕ್ಕವನ್ನು ಹತ್ತು ವರ್ಷಗಳ ಮೇಲೆ ಕೇಳುವುದಕ್ಕಿಂತ ಪ್ರತಿ ವರ್ಷ ಕೇಳುವುದು ಲೇಸು. ತುಮಕೂರು, ಗುಬ್ಬಿ, ಕುಣಿಗಲುಗಳ ಕಾಲೇಜುಗಳಲ್ಲಿ ಅರ್ಥಶಾಸ್ತ್ರವನ್ನು ಕಲಿಸುವ ಅಧ್ಯಾಪಕರಲ್ಲಿ ನನ್ನದೊಂದು ಬಿನ್ನಹ: ಬರುವ ವರ್ಷ ನಿಮ್ಮ ವಿದ್ಯಾರ್ಥಿಗಳಿಗೆ ಪರದೇಶದ ಉದಾಹರಣೆಯ ಬದಲು ನಮ್ಮ ಜಿಲ್ಲೆಯ ಖನಿಜ ಪ್ರತಿಷ್ಠಾನದ ಜಮಾಖರ್ಚನ್ನು ಕೊಡಿ. ಮಾಹಿತಿ ಹಕ್ಕಿನ ಕಾನೂನು 2005ರಿಂದ ನಮ್ಮ ಕೈಯಲ್ಲಿದೆ. ಎರಡು ಕಾಗದಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ಅಭ್ಯಾಸವಾದ ಹುಡುಗ ಹುಡುಗಿಯರು ಪ್ರತಿ ಹೋಬಳಿಯಲ್ಲಿ ನಾಲ್ವರಿದ್ದರೆ, ರಾಜಧನವು ಪ್ರಜೆಯ ಧನವೆಂಬ ಮಾತು ಪುಸ್ತಕದಿಂದ ಇಳಿದು ನೆಲಕ್ಕೆ ಬಂದೀತು.