ಪಶ್ಚಿಮದ ನೀಲಿ ಪಟ್ಟಿ

ಮಕ್ಕಳೇ, ಧಾರವಾಡದ ಡಿಸೆಂಬರ್ ಚಳಿಯಲ್ಲಿ ಬೆಳಿಗ್ಗೆ ಆರೂವರೆಗೆ ಹಿತ್ತಲಿಗೆ ಹೋಗುವುದೆಂದರೆ ಹುಡುಗಾಟವಲ್ಲ. ಸ್ವೆಟರ್, ಅದರ ಮೇಲೊಂದು ಶಾಲು, ತಲೆಗೆ ಮಂಕಿಕ್ಯಾಪ್ ಇದ್ದರೂ ನನಗೆ ಹಲ್ಲು ಕಟಕಟ. ಮೊಮ್ಮಗಳು ಮಾತ್ರ ಬರಿಗಾಲಲ್ಲೇ ಓಡಿ ಬರುತ್ತಾಳೆ, ಕೈಯಲ್ಲಿ ನನ್ನ ಮೊಬೈಲು. ಮುಂಜಾವಿನ ಆಕಾಶವನ್ನು ಈ ತುದಿಯಿಂದ ಆ ತುದಿಯವರೆಗೆ ಒಂದೇ ಉದ್ದನೆಯ ಚಿತ್ರದಲ್ಲಿ ಹಿಡಿಯುವುದು ನಮ್ಮಿಬ್ಬರ ರಜೆಯ ಕೆಲಸ. ಇದಕ್ಕೆ ಪನೋರಮಾ ಎನ್ನುತ್ತಾರೆ.

ಮೊದಮೊದಲು ನಮ್ಮ ಚಿತ್ರ ನೋಡಿ ಮನೆಯವರೆಲ್ಲ ನಕ್ಕರು. ಫೋನು ಸಾಲಾಗಿ ಹಲವು ಚಿತ್ರ ತೆಗೆದು ಒಂದಕ್ಕೊಂದು ಜೋಡಿಸುತ್ತದೆ. ನಡುವೆ ಕಾಗೆ ಹಾರಿದರೆ ರೆಕ್ಕೆ ಒಂದು ಕಡೆ, ಬಾಲ ಇನ್ನೊಂದು ಕಡೆ! ನೆಟ್ಟಗಿದ್ದ ಕಂಪೌಂಡ್ ಗೋಡೆ ಬಿಲ್ಲಿನಂತೆ ಬಾಗಿತ್ತು. ಕಾಗೆಗೂ ಗೋಡೆಗೂ ನಾವೇನೂ ಮಾಡುವಂತಿಲ್ಲ. ಆದರೆ ಕೈನಡುಕಕ್ಕೆ ಉಪಾಯವಿದೆ. ಫೋನನ್ನು ಉದ್ದುದ್ದ ಹಿಡಿದು, ಮೊಣಕೈ ಎರಡನ್ನೂ ಹೊಟ್ಟೆಗೆ ಒತ್ತಿಕೊಂಡು, ನಿಂತಲ್ಲೇ ನಿಧಾನವಾಗಿ ತಿರುಗಬೇಕು.

ಒಂದು ದಿನ ಅವಳು ಸೂರ್ಯ ಹುಟ್ಟುವ ದಿಕ್ಕಿನಿಂದ ಶುರುಮಾಡಿ, ದಕ್ಷಿಣ ದಾಟಿ, ಪಶ್ಚಿಮದ ಜೋಳದ ಹೊಲದವರೆಗೂ ತಿರುಗಿಬಿಟ್ಟಳು.

“ಅಜ್ಜಾ, ಹಿಂದ ನೋಡು! ಹೊಲದ ಮ್ಯಾಲೆ ನೀಲಿ ಪಟ್ಟಿ, ಅದರ ಮ್ಯಾಲೆ ಗುಲಾಬಿ!”

ನೋಡಿದೆ. ನನಗೆ ಕಂಡದ್ದು ಮಬ್ಬು ಬೂದಿಬಣ್ಣ. “ಅದು ಮೊಬೈಲ್ ಹಚ್ಚಿದ ಬಣ್ಣ” ಎಂದೆ. “ಇಲ್ಲಜ್ಜಾ, ನನ್ನ ಕಣ್ಣಿಗೂ ಕಾಣಸ್ತದ” ಎಂದಳು. ಮೇಷ್ಟರಾಗಿದ್ದವನು ನಾನು, ಸೋಲುತ್ತೇನೆಯೇ? “ಸುಳ್ಳು ಹೇಳಬ್ಯಾಡ” ಎಂದುಬಿಟ್ಟೆ. ಎರಡು ದಿನ ಅವಳು ಹಿತ್ತಲಿಗೆ ಬರಲಿಲ್ಲ.

ಆ ನೀಲಿ ಪಟ್ಟಿ ಏನು ಗೊತ್ತೇ? ಭೂಮಿಯ ನೆರಳು! ಸೂರ್ಯ ಇನ್ನೂ ದಿಗಂತದ ಕೆಳಗಿರುವಾಗ ನಮ್ಮ ಭೂಮಿಯ ನೆರಳು ಎದುರು ದಿಕ್ಕಿನ ಗಾಳಿಯ ಮೇಲೆ ಬೀಳುತ್ತದೆ. ನೆರಳಿಗಿಂತ ಮೇಲಿನ ಗಾಳಿಗೆ ಆಗಲೇ ಕೆಂಪು ಬಿಸಿಲು ತಾಗಿರುತ್ತದೆ, ಅದೇ ಗುಲಾಬಿ. ಸೂರ್ಯ ಏರಿದಂತೆ ನೆರಳು ಇಳಿಯುತ್ತದೆ. ಏಳರ ಸುಮಾರಿಗೆ ಸೂರ್ಯ ಹುಟ್ಟಿದಾಗ ಪಟ್ಟಿ ಮಾಯ. ಚಂದ್ರಗ್ರಹಣದ ರಾತ್ರಿ ಚಂದ್ರನ ಮೇಲೆ ಬೀಳುವುದೂ ಇದೇ ನೆರಳು.

ಹಾಗಾದರೆ ನನಗೇಕೆ ಕಾಣಲಿಲ್ಲ? ಉತ್ತರ ಕಣ್ಣಿನ ಡಾಕ್ಟರ ಬಳಿ ಸಿಕ್ಕಿತು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿ ಬೆಳಕನ್ನು ತಡೆಯುತ್ತದಂತೆ. ವರ್ಷಗಟ್ಟಲೆ ನಿಧಾನವಾಗಿ ಆಗುವುದರಿಂದ ಬಣ್ಣ ಹೋದದ್ದೇ ತಿಳಿಯುವುದಿಲ್ಲ. ಅಜ್ಜ-ಅಜ್ಜಿಯರೇ, ಮೊಮ್ಮಕ್ಕಳು ನೀಲಿ ಎಂದಾಗ ನಿಮಗೆ ಬೂದಿ ಕಂಡರೆ ಜಗಳಕ್ಕೆ ನಿಲ್ಲಬೇಡಿ, ಕಣ್ಣು ತೋರಿಸಿ.

ಮೊದಲು ಬಲಗಣ್ಣಿನ ಆಪರೇಷನ್ ಆಯಿತು. ಡಾಕ್ಟರು ಹೊರಗೆ ಓಡಾಡಲು ಒಪ್ಪಿಗೆ ಕೊಟ್ಟ ಮರುದಿನ, ಜನವರಿ ಕೊನೆಯ ಒಂದು ಮುಂಜಾನೆ, ಹೊಲದ ಕಡೆ ಮುಖಮಾಡಿ ನಿಂತೆ. ಬಲಗಣ್ಣು ಮುಚ್ಚಿದರೆ ಅದೇ ಹಳೇ ಬೂದಿ. ಎಡಗಣ್ಣು ಮುಚ್ಚಿದೆ. ಅಬ್ಬಾ, ಮಸಿ ಚೆಲ್ಲಿದಂತೆ ನೀಲಿ! ಮೇಲೆ ಗುಲಾಬಿ!

“ನೀ ಹೇಳಿದ್ದು ಖರೇ ಇತ್ತವ್ವಾ” ಎಂದೆ.

“ಹಂಗಾರ ಫೋನ್ ಇವತ್ತು ನೀ ಹಿಡಿ, ಅಜ್ಜಾ” ಎಂದಳು.

ಹಿಡಿದೆ. ಚಿತ್ರದ ನಟ್ಟನಡುವೆ ತಲೆಯಿಲ್ಲದ ಕಾಗೆಯೊಂದು ಬಂದಿದೆ.