ಹಡಗು ನಿಂತರೆ ಒಲೆಯೂ ನಿಲ್ಲುತ್ತದೆ

ಸಿಲಿಂಡರ್ ಬುಕ್ ಮಾಡಿ ವಾರ ಕಳೆಯಿತು, ಇನ್ನೂ ಬಂದಿಲ್ಲ ಎಂದು ಕೇಳಿದರೆ ಏಜೆನ್ಸಿಯವರದು ಒಂದೇ ಉತ್ತರ: ‘ಲೋಡ್ ಬಂದಿಲ್ಲ’. ಎಲ್ಲಿ ನಿಂತಿದೆ ಎಂದು ಯಾರೂ ಹೇಳುವುದಿಲ್ಲ. ಮನೆಯ ಹೆಂಗಸರು ಮತ್ತೆ ಜಾಲಿ ಸೌದೆ ಹೊತ್ತು ತರುತ್ತಾರೆ.

ದೇಶ ಬಳಸುವ ಅಡುಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದ್ದು. ಕರ್ನಾಟಕದಲ್ಲಿ ಅದು ಇಳಿಯುವುದು ಮಂಗಳೂರಿನ ಪಣಂಬೂರು ಬಂದರಿನಲ್ಲಿ. ದೊಡ್ಡ ಅನಿಲ ಹಡಗೊಂದರಲ್ಲಿ ಸುಮಾರು 45,000 ಟನ್ ಹಿಡಿಸುತ್ತದೆ. 14.2 ಕೆ.ಜಿ. ಸಿಲಿಂಡರ್ ಲೆಕ್ಕದಲ್ಲಿ 31 ಲಕ್ಷಕ್ಕೂ ಹೆಚ್ಚು!

ಆದರೆ ಒಂದು ಬರ್ತ್‌ನಲ್ಲಿ ಒಮ್ಮೆಗೆ ಒಂದೇ ಹಡಗು. ಮುಂದಿನದು ಖಾಲಿಯಾಗಿ ಹೊರಡಬೇಕು, ದಡದ ಟ್ಯಾಂಕ್‌ನಲ್ಲೂ ಜಾಗವಿರಬೇಕು. ಅಲ್ಲಿಯವರೆಗೆ ಹಿಂದಿನದು ಸಮುದ್ರದಲ್ಲೇ ಲಂಗರು ಹಾಕಿ ಕಾಯುತ್ತದೆ. ಹೆಚ್ಚು ಕಾದರೆ ಡೆಮರೇಜ್ ಖರ್ಚು ಬೇರೆ. ಇಂಥ ಹೊತ್ತಿಗೆ ದಾಸ್ತಾನೇ ಆಸರೆ. ಎಚ್‌ಪಿಸಿಎಲ್ ಮಂಗಳೂರಿನಲ್ಲಿ ಬಂಡೆ ಕೊರೆದು 80,000 ಟನ್ ಹಿಡಿಯುವ ಗುಹೆಯನ್ನು ನೆಲದಡಿ ಮಾಡಿದೆ. ಒಳ್ಳೆಯ ಕೆಲಸ.

ಆದರೆ ದಾಸ್ತಾನಿನಷ್ಟೇ ಮಾಹಿತಿಯೂ ಬೇಕು. ತಡವಾಗಿದ್ದು ಬಂದರಿನಲ್ಲೋ, ಬಾಟ್ಲಿಂಗ್ ಘಟಕದಲ್ಲೋ, ಏಜೆನ್ಸಿಯಲ್ಲೋ ಗೊತ್ತಾದರೆ ತಾನೇ ಯಾರನ್ನು ಕೇಳಬೇಕೆಂದು ತಿಳಿಯುವುದು? ಗೊತ್ತಿಲ್ಲದ ಕಡೆಯೇ ಬ್ಲ್ಯಾಕ್ ವ್ಯಾಪಾರ ಬೆಳೆಯುತ್ತದೆ.

ನಮ್ಮ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. 2,200 ವರ್ಷಗಳ ಹಿಂದೆಯೇ ದೂರದ ಅರಸನ ಮಾತು ಈ ಊರಿಗೆ ತಲುಪಿತ್ತು. ಇವತ್ತು ಪಣಂಬೂರಿನ ಸುದ್ದಿ ಏಜೆನ್ಸಿಯ ಬೋರ್ಡಿಗೆ ಬರಲು ಏನು ಕಷ್ಟ? ದಾಸ್ತಾನು ಎಷ್ಟಿದೆ, ಮುಂದಿನ ಲೋಡ್ ಯಾವಾಗ, ತಡವಾದರೆ ಕಾರಣವೇನು: ದಿನಾ ಮೂರು ಸಾಲು, ಕನ್ನಡದಲ್ಲಿ ಬರೆಯಲಿ. ಮುಂದಿನ ಸಲ ಏಜೆನ್ಸಿಗೆ ಹೋದಾಗ ನೀವೂ ಇದನ್ನೇ ಕೇಳಿ.